ಟಿವಿದಾಗ ಹವಾಮಾನ ಹೇಳ್ಬೇಕು, ಕೋಡಿಂಗೂ ಬಿಡಬಾರ್ದು: ದಾರಿ ಅದ ಏನಕ್ಕಾ?

ಪ್ರಶ್ನೆ: ಅಕ್ಕಾ ನಮಸ್ಕಾರ. ನಾ ಜೇವರ್ಗಿ ತಾಲೂಕಿನಾಕಿ, ಕಲಬುರಗಿದಾಗ ಬಿಸಿಎ ಕೊನೇ ವರ್ಷ. ಪಿಯುಸಿ ಸೈನ್ಸ್ ಆಗ್ಯದ, ಫಿಸಿಕ್ಸ್ ಮ್ಯಾಥ್ಸ್ ಎರಡೂ ಇದ್ವು. ನಮ್ಮಪ್ಪಂದು ಆರು ಎಕರೆ ತೊಗರಿ. ಸಂಜಿಕೆ ಟಿವಿದಾಗ ಹವಾಮಾನ ಬಂತಂದ್ರ ಅಪ್ಪ ಎಲ್ಲಾರನ್ನೂ ಸುಮ್ ಕೂಡಸ್ತಾನ, ಮರುದಿನ ಮಳಿ ಬರ್ಲಿಲ್ಲಂದ್ರ ಅದೇ ಟಿವಿಗೆ ಬೈತಾನ. ನನಗ ಸಣ್ಣಾಕಿ ಇದ್ದಾಗಿಂದ ಆ ಮ್ಯಾಪ್ ಮುಂದ ನಿಂತು ಹೇಳ್ಬೇಕು ಅನ್ನೋ ಆಸೆ, ಹಂಗೇ ಕೋಡಿಂಗೂ ಭಾಳ ಸೇರ್ತದ, ಪೈಥಾನ್ ಚಲೋ ಬರ್ತದ. ನಮ್ ಕಾಕಾ ಅಂತಾರ, ಅದು ಬರೇ ಓದೋ ಕೆಲಸ, ಈಗ ಎಐ ಆಂಕರ್ ಬೇರೆ ಬಂದಾವ, ಸುಮ್ನ ಬೆಂಗಳೂರಿಗೆ ಹೋಗಿ ಸಾಫ್ಟ್‌ವೇರ್ ಹಿಡಿ ಅಂತ. ಎರಡೂ ಕೂಡಿಸಿದ್ರ ಒಂದು ಕರಿಯರ್ ಆಗ್ತದೇನು? ಎಮ್ಮೆಸ್ಸಿ ಮಾಡ್ಲೇಬೇಕಾ? ನನ್ ಲ್ಯಾಪ್‌ಟಾಪ್ 8 ಜಿಬಿದು, ಅದ್ರಾಗ ಏನರ ಕಲೀಲಿಕ್ಕ ಆಗ್ತದಾ?

ಉತ್ತರ: ತಂಗಿ, ನಿನ್ನ ಪತ್ರ ಎರಡು ಸಲ ಓದ್ದೆ. ನಿನಗಿರೋ ಅಂಜಿಕಿ ಏನಂದ್ರ, ಆಸೆ ಹಿಂದ ಹೋಗಿ ಎಲ್ಲೂ ಸಲ್ಲದಂಗ ಆದ್ರ ಹೆಂಗ, ಟಿವಿದವ್ರು ಕಂಪ್ಯೂಟರ್‌ನಾಕಿ ಅಂತ ಬಿಟ್ಟು, ಕಂಪ್ಯೂಟರ್‌ದವ್ರು ಟಿವಿಯಾಕಿ ಅಂತ ಬಿಟ್ರ ಏನು ಗತಿ ಅಂತ. ನಾ ಒಂದು ಚಾನೆಲ್ಲಿನ ವೆದರ್ ಡೆಸ್ಕಿನಾಗ ಒಂಬತ್ತು ವರ್ಷ ಕೆಲಸ ಮಾಡೀನಿ, ಈಗ ಸೋಲಾರು ವಿಂಡು ಪ್ಲಾಂಟ್‌ಗಳಿಗೆ ಫೋರ್‌ಕಾಸ್ಟ್ (ಹವಾಮಾನದ ಮುನ್ಸೂಚನೆ) ಮಾಡೋ ಟೀಮಿನಾಗ ಇದ್ದೀನಿ, ಅದಕ್ಕ ಕಂಡದ್ದು ಕಂಡಂಗ ಹೇಳ್ತೀನಿ.

ಮೊದ್ಲು ಕಹಿ ಮಾತು. ಹವಾಮಾನ ಶಾಸ್ತ್ರ ಓದಿ ತಾನೇ ಫೋರ್‌ಕಾಸ್ಟ್ ತಯಾರ್ ಮಾಡಿ ತಾನೇ ಟಿವಿ ಮುಂದ ನಿಂತು ಹೇಳೋ ನೌಕರಿ ಕನ್ನಡ ಚಾನೆಲ್‌ಗಳಾಗ ಹುಡುಕಿದ್ರ ಸಿಗೋದು ಭಾಳ ಕಷ್ಟ. ನಾ ನೋಡಿದ್ದು ಹಿಂಗ: ಹವಾಮಾನ ಇಲಾಖೆದು ಬುಲೆಟಿನ್ ಬರ್ತದ, ಡೆಸ್ಕಿನಾಗ ಯಾರರ ಒಬ್ರು ಅದನ್ನ ನಾಕು ಸಾಲು ಮಾಡ್ತಾರ, ಗ್ರಾಫಿಕ್ಸ್ ಹುಡುಗ ಮ್ಯಾಪಿನ ಮ್ಯಾಲ ಮೋಡ, ಸೂರ್ಯನ ಚಿತ್ರ ಕೂಡಸ್ತಾನ, ಸುದ್ದಿ ಓದೋ ಆಂಕರೇ ಅದನ್ನೂ ಓದಿ ಮುಗಸ್ತಾರ. ಅಮೆರಿಕದಾಗ ಹಂಗಿಲ್ಲ, ಅಲ್ಲಿ ಲೋಕಲ್ ಚಾನೆಲ್‌ಗಳಿಗೂ ಮೆಟಿಯೊರಾಲಜಿ ಡಿಗ್ರಿ ಇದ್ದವ್ರು ಇರ್ತಾರ, ಅಮೆರಿಕನ್ ಮೆಟಿಯೊರಾಲಾಜಿಕಲ್ ಸೊಸೈಟಿ ಅಂತವ್ರಿಗೆ ಪರೀಕ್ಷಾ ಇಟ್ಟು, ಅವ್ರ ಪ್ರಸಾರ ನೋಡಿ ಸರ್ಟಿಫಿಕೇಟ್ ಕೊಡ್ತದ. ಯೂಟ್ಯೂಬಿನಾಗ ಅಲ್ಲಿಯವ್ರ ವಿಡಿಯೊ ನೋಡಿ ಇಲ್ಲೂ ಹಂಗೇ ಇರ್ತದ ಅನ್ಕೊಂಡು ಬಂದವ್ರು ಆರು ತಿಂಗಳಿನಾಗ ಮನಸ್ಸು ಮುರ್ಕೊಂಡು ಹೋಗಿದ್ದು ನಾ ನೋಡೀನಿ. ನಿನಗ ಅದು ಮೊದಲೇ ಗೊತ್ತಿರ್ಲಿ.

ಆ ಮ್ಯಾಪಿನ ಬಗ್ಗೆ ಒಂದು ಮಾತು, ಎಲ್ಲಾರೂ ಕೇಳ್ತಾರ. ಅಲ್ಲಿ ಮ್ಯಾಪ್ ಇರೋದೇ ಇಲ್ಲ, ಹಿಂದ ಬರೇ ಹಸಿರು ಗ್ವಾಡಿ ಇರ್ತದ, ಆ ಹಸಿರು ಬಣ್ಣ ತಗದು ಅಲ್ಲಿ ಕಂಪ್ಯೂಟರ್ ಮ್ಯಾಪ್ ಕೂಡಸ್ತದ, ನೀ ಪಕ್ಕದ ಮಾನಿಟರ್ ನೋಡ್ಕೋತ ಖಾಲಿ ಗ್ವಾಡಿಗೆ ಕೈ ತೋರಸ್ಬೇಕು. ಹಸಿರು ಸೀರಿ ಉಟ್ಕೊಂಡು ಬಂದ್ರ ಸೀರಿ ಮ್ಯಾಲೂ ಮೋಡ ಬರ್ತಾವ. ಇದು ಹದಿನೈದು ದಿನದಾಗ ರೂಢಿ ಆಗ್ತದ, ಇದಕ್ಕ ಅಂಜಬ್ಯಾಡ.

ಇನ್ನ ನಿಮ್ ಕಾಕಾನ ಮಾತು. ಅದ್ರಾಗ ಅರ್ಧ ಖರೆ ಅದ. 2023ರಾಗ ಪವರ್ ಟಿವಿದವ್ರು ಸೌಂದರ್ಯ ಅಂತ ಎಐ ಆಂಕರ್ ತಂದ್ರು, 2024ರ ಮೇ ತಿಂಗಳಾಗ ದೂರದರ್ಶನದ ರೈತರ ಚಾನೆಲ್ ಡಿಡಿ ಕಿಸಾನ್‌ದವ್ರು ಕ್ರಿಶ್, ಭೂಮಿ ಅಂತ ಎರಡು ಎಐ ಆಂಕರ್ ಕೂಡಿಸಿದ್ರು. ಬರದಿದ್ದು ಓದೋದಷ್ಟೇ ಕೆಲಸ ಇದ್ರ ಅದನ್ನ ಮಷೀನ್ ಓದ್ತದ, ಅದಕ್ಕ ಗಂಟಲು ಕೆಡಲ್ಲ, ರಜಾ ಬೇಕಾಗಲ್ಲ. ಹಂಗಾಗಿ ಬರೇ ಓದೋದು ಕಲಿತು ಈ ಲೈನಿಗೆ ಬರ್ಬೇಡ ಅಂತ ನಾನೂ ಹೇಳ್ತೀನಿ. ಆದ್ರ ಕಾಕಾಗ ಗೊತ್ತಿರದ ಇನ್ನರ್ಧ ಅಂದ್ರ ಏನು ಬರೀಬೇಕು ಅನ್ನೋದು, ಅಲ್ಲೇ ಮನಷ್ಯಾರ ಕೊರತಿ ಅದ. ನಿಮ್ಮಪ್ಪ ಟಿವಿಗೆ ಬೈತಾರಲ್ಲ, ಆ ಬೈಗುಳಕ್ಕ ಕಾರಣ ಏನು ಅಂತ ತಿಳ್ಕೊಂಡ್ರ ನಿನಗ ನಿನ್ನ ಕೆಲಸ ಎಲ್ಲದ ಅಂತ ತಾನೇ ಕಾಣ್ತದ.

ನೋಡು, ಇಲಾಖೆ "ಅಲ್ಲಲ್ಲಿ ಮಳೆ" (ಇಂಗ್ಲಿಷಿನಾಗ ಐಸೊಲೇಟೆಡ್) ಅಂದ್ರ ಅದು ಬಾಯಿಗೆ ಬಂದಂಗ ಅಂದಿದ್ದಲ್ಲ, ಅದಕ್ಕ ಲೆಕ್ಕ ಅದ, ಆ ಪ್ರದೇಶದ ಮಳಿ ಅಳೆಯೋ ಕೇಂದ್ರಗಳೊಳಗ ನೂರಕ್ಕ 25 ಅಥವಾ ಅದಕ್ಕಿಂತ ಕಮ್ಮಿ ಕಡಿ ಮಳಿ ಆಗ್ತದ ಅಂತ ಅರ್ಥ. ಅಂದ್ರ ನಾಕು ಊರಿನಾಗ ಮೂರು ಊರು ಒಣಗಿದ್ರೂ ಫೋರ್‌ಕಾಸ್ಟ್ ಸರಿನೇ. ಅದಕ್ಕ ಮ್ಯಾಲಿಂದು 26ರಿಂದ 50, ಆಮ್ಯಾಲ 51ರಿಂದ 75, ಅದ್ರ ಮ್ಯಾಲ ಬಹುತೇಕ ಎಲ್ಲಾ ಕಡಿ, ಹಿಂಗ ಒಂದೊಂದಕ್ಕೂ ಬ್ಯಾರೆ ಶಬ್ದ ಅದಾವ. ಈಗ ಚಾನೆಲ್‌ನಾಗ ಏನಾಗ್ತದ ಅಂದ್ರ ಆ "ಅಲ್ಲಲ್ಲಿ" ಅನ್ನೋದು ಹೋಗಿ ಕಲಬುರಗಿ ಮ್ಯಾಲ ಒಂದು ದೊಡ್ಡ ಮೋಡದ ಚಿತ್ರ ಕೂಡ್ತದ, ಕೆಳಗ "ವರುಣನ ಆರ್ಭಟ" ಅಂತ ಬರ್ತದ, ನಿಮ್ಮಪ್ಪ ನಂಬ್ತಾರ, ಮಳಿ ಶಹಾಬಾದ್‌ಗೆ ಬಿದ್ದು ನಿಮ್ಮ ಹೊಲಕ್ಕ ಬರಲ್ಲ. ತಪ್ಪು ಆಗಿದ್ದು ಹೇಳೋದ್ರಾಗ. ಭಾರೀ ಮಳಿ ಅನ್ನೋದಕ್ಕೂ ಹಂಗೇ, 24 ತಾಸಿನಾಗ 64.5 ಮಿಲಿಮೀಟರ್ ದಾಟಿದ್ರ ಮಾತ್ರ ಇಲಾಖೆ ಲೆಕ್ಕದಾಗ ಅದು ಭಾರೀ ಮಳಿ, ಆ 24 ತಾಸು ಮುಂಜಾನಿ ಎಂಟೂವರಿಯಿಂದ ಮರುದಿನ ಎಂಟೂವರಿತನ, ಹಂಗಾಗಿ ಸೋಮವಾರ ರಾತ್ರಿ ಬಿದ್ದ ಮಳಿ ಮಂಗಳವಾರದ ಖಾತಿಗೆ ಬರ್ತದ. ಇಷ್ಟು ಬಿಡಿಸಿ ಹೇಳೋರು ಇದ್ದಿದ್ರ ಅರ್ಧ ಜಗಳ ಕಮ್ಮಿ ಆಗ್ತಿತ್ತು.

ಮಷೀನಿನ ಕಡಿಯಿಂದನೂ ಒಂದು ಕಾರಣ ಅದ, ಇದು ನಿನ್ನ ಕೋಡಿಂಗಿಗೆ ಸಂಬಂಧಪಟ್ಟಿದ್ದು. ಫೋರ್‌ಕಾಸ್ಟ್ ಮಾಡೋ ಮಾಡೆಲ್‌ಗಳು, ಅಂದ್ರ ಮುಂದಿನ ಹವಾದ ಲೆಕ್ಕ ಹಾಕೋ ಕಂಪ್ಯೂಟರ್ ಪ್ರೋಗ್ರಾಂಗಳು, ಭೂಮಿನ ಚೌಕ ಚೌಕ ಮಾಡಿ ಲೆಕ್ಕ ಹಾಕ್ತಾವ, ಹೊಲದಾಗ ಮಡಿ ಮಾಡಿದಂಗ. ಅಮೆರಿಕದ ಜಿಎಫ್‌ಎಸ್ ಮಾಡೆಲ್ಲಿಂದು ಫ್ರೀ ಸಿಗೋ ಡೇಟಾದಾಗ ಒಂದು ಚೌಕ ಕಾಲು ಡಿಗ್ರಿ, ಹೆಚ್ಚುಕಮ್ಮಿ 28 ಕಿಲೋಮೀಟರ್. ಕಲಬುರಗಿಗೂ ಜೇವರ್ಗಿಗೂ ನಡುವ ಒಂದು ಚೌಕ, ಹೆಚ್ಚಂದ್ರ ಎರಡು. ನಮ್ ಕಡಿ ಬ್ಯಾಸಿಗಿ ಕೊನಿಗೆ ಗುಡುಗು ಸಿಡ್ಲು ಮಾಡ್ಕೊಂಡು ಬರೋ ಮಳಿ ಮೋಡ ಕೆಲವು ಕಿಲೋಮೀಟರ್ ಅಗಲ ಇರ್ತದ ಅಷ್ಟೇ, ಅದು ಚೌಕದ ಯಾವ ಮೂಲ್ಯಾಗ ಬೀಳ್ತದ ಅಂತ ಆ ಮಾಡೆಲ್ಲಿಗೆ ತಿಳಿಯಂಗಿಲ್ಲ. 2025ರ ಮೇದಾಗ ನಮ್ಮ ದೇಶದ್ದೇ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಬಂತು, ಅದ್ರ ಚೌಕ 6 ಕಿಲೋಮೀಟರ್, ಭಾಳ ಸುಧಾರಣಿ, ಆದ್ರೂ ನಿಮ್ಮಪ್ಪನ ಆರು ಎಕರೆ ಅದ್ರಾಗ ಒಂದು ಚುಕ್ಕಿನೂ ಅಲ್ಲ. ಕಿರಣ ಬಿಟ್ಟು ಮಳಿ ಮೋಡ ಹುಡುಕೋ ರೇಡಾರ್ ನೋಡಿ ಹೇಳ್ಬೇಕಂದ್ರ ಹೈದರಾಬಾದಿನ ರೇಡಾರ್ ನಮ್ಮಿಂದ ಸುಮಾರು 180 ಕಿಲೋಮೀಟರ್ ದೂರ, ಭೂಮಿ ದುಂಡಗ ಇರೋದ್ರಿಂದ ಅದ್ರ ಕಿರಣ ಇಲ್ಲಿಗೆ ಬರೋಷ್ಟರಾಗ 3 ಕಿಲೋಮೀಟರಿಗಿಂತ ಎತ್ತರಕ್ಕ ಹೋಗಿರ್ತದ, ಕೆಳಗಿನ ಮೋಡ ಅದಕ್ಕ ಕಾಣಂಗಿಲ್ಲ. ಇದೆಲ್ಲಾ ತಿಳಿದಾಕಿ ಮ್ಯಾಪ್ ಮುಂದ ನಿಂತ್ರ ಮಾತಿನ ಧಾಟಿನೇ ಬ್ಯಾರೆ ಆಗ್ತದ.

ನನ್ನದೇ ಒಂದು ತಪ್ಪು ಹೇಳ್ತೀನಿ. ಡೆಸ್ಕಿಗೆ ಹೋದ ಹೊಸದ್ರಾಗ ಮಾಡೆಲ್ ಡೇಟಾ ತಾನೇ ಇಳಿಸಿ ಮ್ಯಾಪ್ ಮಾಡೋ ಒಂದು ಸ್ಕ್ರಿಪ್ಟ್ ಬರ್ದೆ, ಎಲ್ಲಾರೂ ಭಾಳ ಖುಷಿಪಟ್ರು. ಮಾಡೆಲ್ಲಿನ ಟೈಮ್ ಗ್ರೀನಿಚ್ ಲೆಕ್ಕದಾಗ ಇರ್ತದ, ಅಲ್ಲಿ 12 ಅಂದ್ರ ನಮ್ಮಲ್ಲಿ ಸಂಜಿ ಐದೂವರಿ, ನಾ ಆ ಐದೂವರಿ ತಾಸು ಕೂಡಿಸೋದೇ ಮರ್ತಿದ್ದೆ. ಮ್ಯಾಪಿನ ಮ್ಯಾಲ ಮಧ್ಯಾಹ್ನ 12ಕ್ಕ ಮಳಿ ಅಂತ ಬಂತು, ಆಂಕರ್ ಅದನ್ನೇ ಹೇಳಿದ್ರು. ತೊಗರಿ ರಾಶಿ ಟೈಮು. ಮರುದಿನ ಒಬ್ಬ ರೈತ ಫೋನ್ ಮಾಡಿದ್ರು, ಮಧ್ಯಾಹ್ನ ಅಂದ್ರಿ ಅಂತ ತಾಡಪತ್ರಿ ಹೊಚ್ಚಿ ಕಾದ್ವಿ, ನಾಕಕ್ಕ ಬಿಸಿಲು ಚಲೋ ಅದ ಅಂತ ತಗದ್ವಿ, ಆರಕ್ಕ ಬಂತವ್ವ, ಎಲ್ಲಾ ತೊಯ್ತು ಅಂತ. ಅವ್ರು ಬೈಲಿಲ್ಲ, ಅದೇ ನನಗ ಭಾಳ ಹತ್ತಿತು. ಅವತ್ತಿಂದ ನಾ ಟೈಮ್ ಸರಿ ಅದ ಇಲ್ಲ ಅಂತ ನೋಡದ ಒಂದು ಮ್ಯಾಪೂ ಹೊರಗ ಬಿಟ್ಟಿಲ್ಲ. ಆ ಸ್ಕ್ರಿಪ್ಟ್ ಹವಾಮಾನ ಗೊತ್ತಿಲ್ಲದ ಪ್ರೋಗ್ರಾಮರ್ ಬರ್ದಿದ್ರೂ ಅದೇ ತಪ್ಪಾಗ್ತಿತ್ತು, ಕಂಪ್ಯೂಟರ್ ಗೊತ್ತಿಲ್ಲದ ಹವಾಮಾನದವ್ರಿಗೆ ಆ ತಪ್ಪು ಸಿಗ್ತಿರಲಿಲ್ಲ. ನೀ ಎರಡೂ ಕೂಡಿಸ್ತೀನಿ ಅಂದಾಗ ನನಗ ಮೊದ್ಲು ನೆನಪಾಗಿದ್ದು ಆ ಫೋನೇ.

2020ರ ಅಕ್ಟೋಬರ್ ನಿನಗ ನೆನಪಿರ್ಬೇಕು, ಭೀಮಾ ಹೊಳಿ ಬಂದಾಗ ನೀ ಸಾಲ್ಯಾಗ ಇರ್ತೀ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ 13ಕ್ಕ ಕಾಕಿನಾಡ ಹತ್ರ ದಡ ಹತ್ತಿ, ಹೈದರಾಬಾದ್ ಮುಳುಗಿಸಿ, ನಮ್ಮ ಮ್ಯಾಲಿಂದ ಮಹಾರಾಷ್ಟ್ರದ ಕಡಿ ಹೋಯ್ತು. ನಮ್ಮಲ್ಲಿ ಮಳಿ ನಿಂತು ಬಿಸಿಲು ಬಿದ್ದ ಮ್ಯಾಲೂ ಹೊಳಿ ಏರ್ಕೋತನೇ ಇತ್ತು, ಯಾಕಂದ್ರ ನೀರು ಮಹಾರಾಷ್ಟ್ರದ ಉಜನಿ ಡ್ಯಾಮ್ ಕಡಿಯಿಂದ ಸೊನ್ನ ಬ್ಯಾರೇಜ್ ದಾಟಿ ಬರ್ತಿತ್ತು, ಅಫಜಲಪುರ ಜೇವರ್ಗಿ ಕಡಿ ಹಳ್ಳಿ ಖಾಲಿ ಮಾಡಿಸಬೇಕಾಯ್ತು. ಆಕಾಶ ತಿಳಿ ಇದ್ದಾಗ "ಊರು ಬಿಡ್ರಿ" ಅಂದ್ರ ಯಾರು ನಂಬ್ತಾರ? ಮಳಿ ಎಲ್ಲಿ ಬಿತ್ತು, ನೀರು ಎಷ್ಟು ಹೊತ್ತಿಗೆ ಎಲ್ಲಿಗೆ ಬರ್ತದ ಅಂತ ನಮ್ಮ ಭಾಷಾದಾಗ, ನಮ್ಮ ಊರ ಹೆಸರು ತಗೊಂಡು, ಮ್ಯಾಪ್ ಇಟ್ಟು ಹೇಳೋರು ಅವತ್ತು ಬೇಕಿತ್ತು, ಇವತ್ತೂ ಬೇಕು.

ಹವಾಮಾನ ಬ್ಯಾರೆ ಕಂಪ್ಯೂಟರ್ ಬ್ಯಾರೆ ಅಂತ ಮಂದಿ ತಿಳಿದಿರ್ತಾರ, ಹಂಗಿಲ್ಲ. 1922ರಾಗ ರಿಚರ್ಡ್‌ಸನ್ ಅನ್ನೋ ಇಂಗ್ಲಿಷ್ ವಿಜ್ಞಾನಿ, ಹವಾಮಾನದ ಸಮೀಕರಣ ಬಿಡಿಸ್ಲಿಕ್ಕ 64,000 ಮಂದಿ ಒಂದೇ ದೊಡ್ಡ ಹಾಲಿನಾಗ ಕೂತು ಲೆಕ್ಕ ಹಾಕಿದ್ರ ಮಾತ್ರ ಹವಾದ ಜೋಡಿ ಓಡ್ಲಿಕ್ಕ ಆದೀತು ಅಂತ ಬರ್ದಿದ್ರು, 1950ರಾಗ ಎನಿಯಾಕ್ ಅನ್ನೋ ಕಂಪ್ಯೂಟರ್ ಮ್ಯಾಲ ಮೊದಲ ಫೋರ್‌ಕಾಸ್ಟ್ ಮಾಡಿದಾಗ 24 ತಾಸಿನ ಮುನ್ಸೂಚನೆಗೆ ಹೆಚ್ಚುಕಮ್ಮಿ 24 ತಾಸೇ ಹಿಡೀತು. ಈಗ ಗೂಗಲ್ ಡೀಪ್‌ಮೈಂಡ್‌ದವ್ರ ಗ್ರಾಫ್‌ಕಾಸ್ಟ್ ಅನ್ನೋ ಎಐ ಮಾಡೆಲ್ 10 ದಿನದ ಫೋರ್‌ಕಾಸ್ಟ್ ಒಂದು ನಿಮಿಷದೊಳಗ ಕೊಡ್ತದ, ಯುರೋಪಿನ ಹವಾಮಾನ ಕೇಂದ್ರ 2025ರಿಂದ ತನ್ನ ಎಐ ಮಾಡೆಲ್ ದಿನಾ ಓಡಸ್ತದ. ಇದಕ್ಕ ಅಂಜೋದಕ್ಕಿಂತ ಇದ್ರ ಲಾಭ ತಗೋ, ದೊಡ್ಡ ಸೂಪರ್ ಕಂಪ್ಯೂಟರ್ ಇಲ್ಲದ ಸಣ್ಣ ಟೀಮೂ ಈಗ ಏನರ ಮಾಡಬಹುದು. ಆದ್ರ ಆ ಎಐಗೂ ಇವತ್ತಿನ ಹವಾ ಹೆಂಗದ ಅಂತ ಯಾರರ ಅಳೆದು ಕೊಡ್ಲೇಬೇಕು, ಅದ್ರ ಚೌಕನೂ ದೊಡ್ಡವೇ, ಅದು ಕೊಟ್ಟಿದ್ದು ನಮ್ಮ ಊರಿಗೆ ಎಷ್ಟು ಸರಿ ಬಂತು ಅಂತ ನೋಡೋರು ಇಲ್ಲಿಯವ್ರೇ ಆಗ್ಬೇಕು.

ಈಗ ನಿನ್ನ ಮುಂದಿರೋ ದಾರಿಗಳು. ಎಮ್ಮೆಸ್ಸಿ ಮೆಟಿಯೊರಾಲಜಿ ಕೊಚ್ಚಿನ್ ವಿವಿದಾಗ, ವಿಶಾಖಪಟ್ಟಣದ ಆಂಧ್ರ ವಿವಿದಾಗ ಅದ, ಪುಣೆ ವಿವಿದಾಗ ಅಟ್ಮಾಸ್ಫಿಯರಿಕ್ ಸೈನ್ಸ್ ಅಂತದ. ಇಲ್ಲಿ ನಿನಗ ದೊಡ್ಡ ಅಡ್ಡಿ ಅಂದ್ರ ಇಂತಾ ಕೋರ್ಸಿಗೆ ಸಾಮಾನ್ಯ ಡಿಗ್ರಿದಾಗ ಫಿಸಿಕ್ಸ್ ಮ್ಯಾಥ್ಸ್ ಕೇಳ್ತಾರ, ಬಿಸಿಎ ನಡಿಯೋದು ಕಷ್ಟ. ಅರ್ಜಿ ಹಾಕೋ ಮುಂಚೆ ಆ ವರ್ಷದ ಪ್ರಾಸ್ಪೆಕ್ಟಸ್ ಓದು, ಏಜೆಂಟ್ ಮಾತು ಕೇಳಿ ರೊಕ್ಕ ಕಟ್ಟಬ್ಯಾಡ. ಎಮ್ಮೆಸ್ಸಿ ಇಲ್ಲಂದ್ರ ಬಾಗಿಲು ಮುಚ್ಚಿತು ಅಂತೂ ಅಲ್ಲ. ನಿನಗ ಛಲೋ ಹೊಂದೋದು ಹವಾಮಾನ ಇಲಾಖೆದೇ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆ, ಸ್ಟಾಫ್ ಸೆಲೆಕ್ಷನ್ ಕಮಿಷನ್ ಪರೀಕ್ಷಾ ಮ್ಯಾಲ ತಗೋತಾರ. 2022ರಾಗ 990 ಹುದ್ದೆ ಕರದಿದ್ರು, ಅದ್ರಾಗ ಕಂಪ್ಯೂಟರ್ ಅಪ್ಲಿಕೇಶನ್ ಡಿಗ್ರಿಗೂ ಅವಕಾಶ ಇತ್ತು, 60 ಪರ್ಸೆಂಟ್ ಬೇಕು, ಪಿಯುಸಿದಾಗ ಫಿಸಿಕ್ಸ್ ಮ್ಯಾಥ್ಸ್ ಇರ್ಬೇಕು, ವಯಸ್ಸು 30ರ ಒಳಗ. ಪಿಯುಸಿ ಸೈನ್ಸ್ ಮಾಡಿದ್ದು ಇಲ್ಲಿ ನಿನ್ನ ಕೈ ಹಿಡೀತದ. ರಿಸ್ಕ್ ಏನಂದ್ರ ಇದು ವರ್ಷಾ ವರ್ಷಾ ಕರಿಯಲ್ಲ, 2022ಕ್ಕ ಮುಂಚೆ ಕರದಿದ್ದು 2017ರಾಗ. ಅದನ್ನೇ ನಂಬಿ ಮನ್ಯಾಗ ಕೂತ್ರ ವಯಸ್ಸು ಹೋಗ್ತದ.

ಅದಕ್ಕ ರೊಟ್ಟಿಗೆ ಬ್ಯಾರೆ ದಾರಿ ಇಟ್ಕೊಂಡೇ ನಡಿ, ನನ್ನ ಮಟ್ಟಿಗೆ ಗಟ್ಟಿ ದಾರಿ ಅದೇ. ಸೋಲಾರ್, ವಿಂಡ್ ಕಂಪನಿಗಳು ನಾಳಿ ಎಷ್ಟು ಕರೆಂಟ್ ಬರ್ತದ ಅಂತ 15 ನಿಮಿಷಕ್ಕೊಂದರಂಗ ದಿನಕ್ಕ 96 ಲೆಕ್ಕ ಮೊದಲೇ ಕೊಡ್ಬೇಕು, ತಪ್ಪಿದ್ರ ದಂಡ. ಆ ಲೆಕ್ಕಕ್ಕ ಬಿಸಿಲು ಮೋಡ ಗಾಳಿ ಗೊತ್ತಿರೋ ಪ್ರೋಗ್ರಾಮರ್ ಬೇಕೇಬೇಕು. ಬೆಳೆ ವಿಮೆ ಕಂಪನಿಗಳು, ಸ್ಕೈಮೆಟ್‌ನಂಥ ಖಾಸಗಿ ಹವಾಮಾನ ಕಂಪನಿಗಳೂ ಇಂಥವ್ರನ್ನ ತಗೋತಾವ. ಕಾಕಾ ಹೇಳಿದಂಗ ಬೆಂಗಳೂರಿಗೆ ಹೋಗು, ಆದ್ರ ಹೋಗಿ ಬ್ಯಾಂಕಿನ ಸಾಫ್ಟ್‌ವೇರ್ ಬರೀಬೇಕು ಅಂತ ಎಲ್ಲೂ ಇಲ್ಲ. ಎಮ್ಸಿಎ ಮಾಡಿದ್ರೂ ಪ್ರಾಜೆಕ್ಟ್ ಹವಾಮಾನದ್ದೇ ತಗೋ. ಒಂದು ಎಚ್ಚರಿಕೆ ಅಂದ್ರ ಸರ್ಕಾರಿ ಪ್ರಾಜೆಕ್ಟಿನ ಕಾಂಟ್ರ್ಯಾಕ್ಟ್ ಕೆಲಸ ಗಟ್ಟಿ ಅಂತ ತಿಳೀಬ್ಯಾಡ. ರೈತರಿಗೆ ಜಿಲ್ಲಾ ಮಟ್ಟದಾಗ ಹವಾಮಾನ ಸಲಹಾ ಕೊಡ್ಲಿಕ್ಕ ಕೃಷಿ ವಿಜ್ಞಾನ ಕೇಂದ್ರಗಳಾಗ ದೇಶದಾಗ 199 ಘಟಕ ಮಾಡಿದ್ರು, ಭಾಳ ಉಪಯೋಗದ ಕೆಲಸ, 2024ರಾಗ ಅವನ್ನ ನಿಲ್ಲಿಸಿಬಿಟ್ರು, ಅಲ್ಲಿದ್ದ ಓದಿದ ಹುಡುಗರು ಬೀದಿಗೆ ಬಂದ್ರು. ಅದು ನಿಲ್ಲಬಾರದಿತ್ತು ಅಂತ ನಾ ಇವತ್ತಿಗೂ ಹೇಳ್ತೀನಿ.

ಮತ್ತ ಟಿವಿ? ಟಿವಿ ಬಿಡು ಅಂತ ನಾ ಹೇಳಲ್ಲ, ಟಿವಿಯವ್ರು ಕರೀಲಿ ಅಂತ ಕಾಯಬ್ಯಾಡ ಅಂತೀನಿ. ಕಲಬುರಗಿ ಆಕಾಶವಾಣಿ ಕ್ಯಾಶುವಲ್ ಅನೌನ್ಸರ್ ಆಡಿಷನ್ ಕರದಾಗ ಹೋಗು, ಚಿತ್ರ ಇಲ್ಲದ ಬರೇ ಮಾತಿಲಿಂದ ಮಳಿ ತೋರ್ಸೋದು ಕಲಿತ್ರ ಆಮ್ಯಾಲ ಮ್ಯಾಪ್ ಸಿಕ್ಕಾಗ ಹಗುರ ಆಗ್ತದ. ನಮ್ಮ ಜಿಲ್ಲಾಕ್ಕ ಇದು ಹೊಸಾದಲ್ಲ, 1975ರಾಗ ಸೈಟ್ ಅನ್ನೋ ಉಪಗ್ರಹ ಟಿವಿ ಪ್ರಯೋಗ ಆದಾಗ ಕಲಬುರಗಿ, ರಾಯಚೂರು, ವಿಜಯಪುರ ಕಡಿ ಹಳ್ಳಿಗಳು ಟಿವಿದಾಗ ಕೃಷಿ ಕಾರ್ಯಕ್ರಮ ನೋಡ್ಯಾವ, ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ಕ್ಕ. ಹೆಣ್ಣುಮಕ್ಕಳಿಗೆ ಈ ಲೈನ್ ಅಲ್ಲ ಅಂತ ಯಾರರ ಅಂದ್ರ ಅನ್ನಾ ಮಣಿಯವ್ರ ಹೆಸರು ಹೇಳು, 1948ರಾಗ ಹವಾಮಾನ ಇಲಾಖೆ ಸೇರಿ ದೇಶದ ಹವಾಮಾನ ಉಪಕರಣಗಳನ್ನ ಒಂದು ಪದ್ಧತಿಗೆ ತಂದವ್ರು ಅವ್ರು.

ಈಗಿಂದೀಗ ಏನ್ ಮಾಡ್ಲಿ ಅಂತೀಯೇನು? ಮೂರು ಊರು ಹಿಡ್ಕೋ, ಜೇವರ್ಗಿ, ಆಳಂದ, ಚಿತ್ತಾಪುರ. ದಿನಾ ಜಿಎಫ್‌ಎಸ್ ಡೇಟಾ ಇಲ್ಲಾಂದ್ರ ಯುರೋಪಿನ ಹವಾಮಾನ ಕೇಂದ್ರದ ಓಪನ್ ಡೇಟಾ ಪೈಥಾನಿನಾಗ ಇಳಿಸಿ, ಆ ಮೂರು ಊರಿನ ಮಳಿ ಅಂದಾಜು ಒಂದು ವಹಿದಾಗ ಬರದಿಡು, ಮರುದಿನ ರಾಜ್ಯ ವಿಪತ್ತು ಉಸ್ತುವಾರಿ ಕೇಂದ್ರದವ್ರ ಪಂಚಾಯ್ತಿ ಮಟ್ಟದ ಮಳಿ ಮಾಪಕದಾಗ ಖರೆ ಎಷ್ಟು ಬಿತ್ತು ನೋಡಿ ಬಾಜೂಕ ಬರಿ. ಹೇಳಿದ್ದು ಬಂತಾ, ಹೇಳಿದ್ದು ಬರ್ಲಿಲ್ಲಾ, ಹೇಳ್ದೇ ಬಂತಾ, ಮೂರೂ ಲೆಕ್ಕ ಇಡು. ಮೂರನೇದೇ ರೈತಗ ಹೆಚ್ಚು ಕಾಡೋದು. ಮಿರಗದಿಂದ ಹಸ್ತ ಮಳಿತನ ಹಿಂಗ ಇಟ್ರ ನಿನ್ನ ಹತ್ರ ಇರೋ ವಹಿ ಯಾವ ಸರ್ಟಿಫಿಕೇಟಿಗಿಂತ ಜಾಸ್ತಿ ಮಾತಾಡ್ತದ, ಇಂಟರ್‌ವ್ಯೂದಾಗ ನಾ ಇದನ್ನೇ ಕೇಳ್ತೀನಿ. ಅದ್ರ ಜೋಡಿ ದಿನಾ ಒಂದು ನಿಮಿಷ ಮೊಬೈಲಿನಾಗ ಮಾತಾಡಿ ರೆಕಾರ್ಡ್ ಮಾಡು, ಮೊದ್ಲು ಅಪ್ಪಗ ಕೇಳಸು, ಅವ್ರಿಗೆ ತಿಳೀಲಿಲ್ಲಂದ್ರ ಮತ್ತ ಹೇಳು. "ಉತ್ತರ ಒಳನಾಡಿನ ಅಲ್ಲಲ್ಲಿ ಮಳೆ" ಅನ್ನಬ್ಯಾಡ, "ನಾಕು ಊರಿನಾಗ ಒಂದೂರಿಗೆ ಬರಬಹುದು, ಬೆಳಿಗೆ ಎಣ್ಣಿ ಹೊಡಿಯೋರು ನಾಳಿ ಮುಂಜಾನಿ ನೋಡ್ಕೊಂಡು ಹೊಡೀರಿ" ಅನ್ನು.

ಊರ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಕಂತ ಅನ್ಸಿದ್ರ ಒಂದು ಗೆರಿ ದಾಟಬ್ಯಾಡ. ಮುನ್ನೆಚ್ಚರಿಕೆ, ಕೆಂಪು ಹಳದಿ ಅಲರ್ಟ್ ಇವೆಲ್ಲ ಇಲಾಖೆ ಕೊಟ್ಟಿದ್ದನ್ನೇ ತಾರೀಖು, ಟೈಮ್ ಸಮೇತ ಹಾಕು, ನಿನ್ನ ಸ್ವಂತ ಮಾಡೆಲ್ ನೋಡಿ ಪ್ರವಾಹ ಬರ್ತದ ಅಂತ ಬರೀಬ್ಯಾಡ. ವಿಪತ್ತು ಬರ್ತದ ಅಂತ ಸುಳ್ಳು ಎಚ್ಚರಿಕೆ ಹಬ್ಬಿಸಿ ಮಂದಿನ ಗಾಬರಿ ಮಾಡಿದ್ರ 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಒಂದು ವರ್ಷದತನ ಜೈಲು ಆಗಬಹುದು. ಕಾಯ್ದೆ ಆಚಿ ಕಡಿಗಿರ್ಲಿ, ಒಂದು ಸಲ ಸುಳ್ಳಾದ್ರ ಮುಂದಿನ ಸಲ ಖರೆ ಹೇಳಿದ್ರೂ ಊರು ಕೇಳಲ್ಲ.

ಲ್ಯಾಪ್‌ಟಾಪ್ 8 ಜಿಬಿ ಸಾಕು ತಂಗಿ. ಇಡೀ ಜಗತ್ತಿಂದು ಡೇಟಾ ಇಳಿಸ್ಬೇಡ, ಜಿಎಫ್‌ಎಸ್ ಸೈಟಿನಾಗ ಬೇಕಾದ ಪ್ರದೇಶ ಅಷ್ಟೇ ಕತ್ತರಿಸಿ ತಗೊಳ್ಳೋ ಸೌಲಭ್ಯ ಅದ, ಕರ್ನಾಟಕದ ಚೌಕಷ್ಟೇ, ಮಳಿ, ಗಾಳಿ, ಉಷ್ಣಾಂಶ ಅಷ್ಟೇ ತಗೊಂಡ್ರ ಮೊಬೈಲ್ ಡೇಟಾದಾಗೂ ನಡೀತದ. ಎಕ್ಸ್‌ಅರೇ, ಕಾರ್ಟೊಪೈ, ಮೆಟ್‌ಪೈ ಈ ಮೂರು ಪೈಥಾನ್ ಲೈಬ್ರರಿ (ಡೇಟಾ ಓದ್ಲಿಕ್ಕ, ಮ್ಯಾಪ್ ಮಾಡ್ಲಿಕ್ಕ ತಯಾರ್ ಇರೋ ಕೋಡ್) ಕಲಿ, ಎಲ್ಲಾ ಫ್ರೀ ಅದಾವ. ಮತ್ತ ಮೊದಲ ದಿನನೇ ಆ ಐದೂವರಿ ತಾಸು ಕೂಡಿಸೋ ಸಾಲು ಬರದಿಡು.